ಗ್ಯಾಲರಿ ಹಿಂದ ಹಾರಿಸಬ್ಯಾಡ

...ಇಲ್ಲಲೇ ಯಲ್ಲೇಶಾ, ಅಲ್ಲೆ ಬ್ಯಾಡ ಅಂದೆ. ಡ್ರೋನ್ ಗ್ಯಾಲರಿ ಹಿಂದ ಒಟ್ಟ ಒಯ್ಯಬ್ಯಾಡ. ಎಷ್ಟ ಸಲ ಹೇಳಬೇಕೋ ಮಾರಾಯಾ!

ಕುಂಡ್ರು. ನಾನೂ ಇಲ್ಲೆ ಗ್ಯಾಲರಿ ಮೆಟ್ಟಲ ಮ್ಯಾಲೆ ಕುಂಡ್ರತೀನಿ. ಮುಂಜಾನಿಂದ ನಿಂತ ನಿಂತ ಮೊಣಕಾಲು ಹೋದ್ವು. ನಾಳಿ ಸಾಲಿ ಕ್ರೀಡಾಕೂಟ. ಸುಣ್ಣದ ಗೆರಿನೂ ನಾನ ಹೊಡಿಸಬೇಕು, ಮೈಕಿನಾಂವಗೂ ನಾನ ಫೋನ್ ಮಾಡಬೇಕು, ಈಗ ನಿನ್ನ ಡ್ರೋನಿಗೂ ನಾನ ದಾರಿ ತೋರಿಸಬೇಕು. ಸಾಲಿ ಚೇರಮನ್ನರಿಗೇನು? “ಪ್ರಭುಲಿಂಗ ಮಾಸ್ತರ, ಮ್ಯಾಲಿಂದ ಚಂದಂಗ ವಿಡಿಯೋ ಬೇಕ್ರಿ” ಅಂದ್ರು, ಕಾರ್ ಹತ್ತಿದ್ರು.

ಮತ್ತೊಮ್ಮೆ ಹೇಳ್ತೀನಿ, ಲಕ್ಷ್ಯ ಕೊಟ್ಟು ಕೇಳು. ನೀ ಹಾರಿಸೋದು ಆ ಲಾಂಗ್ ಜಂಪಿನ ಉಸುಕಿನ ಬಾಜೂಕ. ಸುತ್ತ ಹಗ್ಗ ಕಟ್ಟತೀನಿ, ಒಳಗ ಯಾರನ್ನೂ ಬಿಡಂಗಿಲ್ಲ. ನೋಡು, ಹಗ್ಗ ತಂದಿಟ್ಟೀನಿ. ಓಡೋ ಹುಡುಗೂರ ತಲಿ ಮ್ಯಾಲೆ ಮಾತ್ರ ತರಬ್ಯಾಡ, ಹೊರಗಿಂದ ಹಿಡಿ. ಕಪ್ಪತಗುಡ್ಡದ ಕಡಿಂದ ಗಾಳಿ ಎದ್ದರ ಸುಮ್ನ ಇಳಿಸಿಬಿಡು. ಚೇರಮನ್ನರು ಹಾರಸು ಅಂದ್ರೂ ಅವರ ಮಾರಿ ನೋಡಬ್ಯಾಡ, ನನ್ನ ಮಾರಿ ನೋಡು... ಏನು? ಮದುವಿಯೊಳಗ ಹಾರಿಸಿ ರೂಢಿ ಐತೇನು? ಲೇ, ಮದುವಿಯೊಳಗ ಮಂದಿ ನಿಂತಲ್ಲೆ ನಿಂತಿರ್ತಾರ. ಇವು ಹುಡುಗೂರು! ಮ್ಯಾಲೆ ಗುಂಯ್ ಅಂದ್ರ ಸಾಕು, ಓಡೋದು ಬಿಟ್ಟು ಮಾರಿ ಎತ್ತತಾವ, ಒಂದರ ಮ್ಯಾಲೊಂದು ಬೀಳ್ತಾವ. ಒಂದು ಕೂಸಿಗೆ ಪೆಟ್ಟಾದ್ರೂ ನಾ ತಾಳಂಗಿಲ್ಲ...

ಯಾಕ ನಗ್ತಿ? ಖರೇನ ಹೇಳಾಕತ್ತೀನಿ. ನೀನೂ ಇದ ಗ್ರೌಂಡಿನ್ಯಾಗ ಬಿದ್ದಾಂವ. ಮೊಣಕೈ ಮುರಕೊಂಡಾಗ ನಿನ್ನ ಹೊತ್ಕೊಂಡು ದವಾಖಾನಿಗೆ ಓಡಿದಾಂವ ಯಾರು? ಹಾಂ... ನೆನಪೈತಲ್ಲ.

ಹಿಂದ ಯಾಕ ಬ್ಯಾಡ ಅಂದ್ರ... ಅಲ್ಲೆ ಕರೆಂಟಿನ ವೈರ್ ಅದಾವ. ಇಲ್ಲ? ಹೋದ ವರ್ಷ ಇದ್ವಪಾ. ತಗದಾರೇನೋ. ಆತು, ವೈರ್ ಇಲ್ಲ, ಹದ್ದು ಐತಿ. ಬೇವಿನ ಗಿಡದಾಗ ಗೂಡು ಕಟ್ಟೇತಿ, ಡ್ರೋನ್ ಕಂಡ್ರ ಮೈಮ್ಯಾಲೆ ಬರ್ತೈತಿ... ಗೂಡೂ ಇಲ್ಲೇನು? ಎಲ್ಲಾ ನೋಡ್ಕೊಂಡ ಬಂದೀ ಏನಪಾ ನೀನು! ಅಲ್ಲೇನೈತಿ ತಗೋ, ಬರೇ ಹಿಂದಿನ ಗ್ವಾಡಿ. ಅತಿಥಿಗಳಿಗೆ ಸ್ವಾಗತ ಅಂತ ದೊಡ್ಡ ಫ್ಲೆಕ್ಸ್ ಕಟ್ಟೀನಿ. ಯಾರ ನೋಡ್ತಾರ ಅಂದ್ರ? ನೋಡ್ತಾರ... ಹಿಂದ ಎರಿ ಹೊಲ ಐತಿ ಖರೆ, ಹೊಲದಾಗ ಮಂದಿ ಅಡ್ಡಾಡೂದಿಲ್ಲೇನು? ಬಿಡಲೇ ಅದನ್ನ, ತಲಿ ತಿನ್ನಬ್ಯಾಡ.

ನಿನ್ನ ಮಗಳೇನು? ಸೌಂದರ್ಯಾ ಎರಡನೇ ಕ್ಲಾಸಲ್ಲ? ಸಣ್ಣವೆಲ್ಲಾ ಗ್ಯಾಲರಿ ಮ್ಯಾಲೆ, ಮ್ಯಾಲಿನ ಸಾಲಿನ್ಯಾಗ. ನೆರಳೈತಿ. ದೊಡ್ಡವು ಕೆಳಗ, ಜಮಖಾನಿ ಮ್ಯಾಲೆ. ಬಿಸಲಾಗಿದ್ರ ಇರ್ಲಿ, ಹೈಸ್ಕೂಲಿನ ದಾಂಡಿಗರನ್ನೆಲ್ಲಾ ಮ್ಯಾಲೆ ಹತ್ತಿಸಿದ್ರ ಭಾರ ಎಷ್ಟಾಗ್ತೈತಿ! ಸಣ್ಣವಾದ್ರ ಹಗೂರ ಇರ್ತಾವ...

ಏನಿಲ್ಲ. ನೆರಳು ಅಂದೆ. ನೆರಳಿನ ಸಲುವಾಗಿ.

ಯಲ್ಲೇಶಾ... ಯಾಕ ಹಂಗ ನೋಡಾಕತ್ತಿ?

ಮೊಬೈಲ್ ಏನ ತೋರಸ್ತಿ, ಕಣ್ಣಿನ ಚಾಳೀಸ ತಂದಿಲ್ಲ ನಾನು... ಮುಂಜಾನಿ ಹಾರಿಸಿದ್ಯಾ? ನನ್ನ ಕೇಳದನ? ಫ್ಲೆಕ್ಸ್ ಕಟ್ಟೂಕಿನ್ನ ಮೊದಲ...

ಹೂಂ. ಕಾಣ್ತೈತಿ. ಚಾಳೀಸ ಇಲ್ಲದನೂ ಕಾಣ್ತೈತಿ. ಗ್ವಾಡಿ ಮ್ಯಾಲಿಂದ ಬುಡದ ತನಕ ಬಿರುಕು ಬಿಟ್ಟೇತಿ. ದೀಪಾವಳಿ ಹೊತ್ತಿಗೆ ನಮ್ಮಪ್ಪನ ಮಗ್ಗದ ಒಂದೆಳಿ ದಾರದಷ್ಟಿತ್ತು, ಈಗ ಒಳಗ ಕೈ ಹೋಗ್ತೈತಿ. ಎರಿ ಮಣ್ಣು, ಒಣಗಿದಂಗ ಬಾಯಿ ಬಿಡ್ತೈತಿ, ಗ್ವಾಡಿನೂ ಎಳ್ಕೊಂಡ ಹೊಂಟೇತಿ. ಮೆಟ್ಟಲೆಲ್ಲಾ ಅದರ ಮ್ಯಾಲೇ ನಿಂತಾವ. ಗೊತ್ತೈತೋ, ಎಲ್ಲಾ ಗೊತ್ತೈತಿ ನನಗ! ಚೇರಮನ್ನರಿಗೆ ಹೇಳಿದೆ. “ಕ್ರೀಡಾಕೂಟ ಒಂದು ದಾಟ್ಲಿ ಮಾಸ್ತರ” ಅಂದ್ರು. ಜಗಳಾಡಿ ಜಗಳಾಡಿ ಸಾಕಾಗೇತಿ ನನಗ... ಹೂಂನ್ರಿ ಅಂದೆ. ಅಂದು, ಈ ಕೈಲೇ ಫ್ಲೆಕ್ಸ್ ಕಟ್ಟಿದೆ. ಒಂದು ದಿನ ತಾಳ್ತೈತಿ, ಸಣ್ಣವನ್ನ ಕುಂಡ್ರಿಸಿದ್ರ ಏನಾಗಂಗಿಲ್ಲ ಅಂತ...

ಬೈಯಲೇ. ಬೈದಾದ್ರೂ ಬೈಯಿ.

ಎದ್ದೆಲ್ಲಿ ಹೊಂಟಿ? ಹಗ್ಗ ಯಾಕ ತಗೊಂಡಿ? ಅದು ನಿನ್ನ ಡ್ರೋನಿನ ಸುತ್ತ ಕಟ್ಟೂದು... ಓ. ಗ್ಯಾಲರಿಗೆ ಕಟ್ಟತಿಯಾ? ಪೂರಾ ಗ್ಯಾಲರಿಗೆ?... ಚೇರಮನ್ನರು ಬಂದ್ರ ನಾ ಏನ್ ಹೇಳ್ಲಿ?

ತಡಿ. ನಾನೂ ಬರ್ತೀನಿ ತಡಿಯೋ. ಈ ಮೊಣಕಾಲು ಏಳವಲ್ವು... ಒಂದೀಟು ಕೈ ಹಿಡದು ಎಬ್ಬಸು ಯಲ್ಲೇಶಾ.

ಯಲ್ಲೇಶಾ?

...ಎಬ್ಬಸಂಗಿಲ್ಲ. ಆತು. ಬ್ಯಾಡ. ನಾನ ಏಳ್ತೀನಿ. ಹಗ್ಗದ ಇನ್ನೊಂದು ತುದಿ ಅಲ್ಲೇ ನೆಲಕ್ಕ ಬಿಟ್ಟಿರು. ನಾ ಬಂದು ಹಿಡಿತೀನಿ.