ಮೂರನೇ ಗೇರಿಗೆ ಬೀಳದ ಪಿಕಪ್ಪು

ಬಾಗಿಲು ಹಾಕಿ ಬಂದು ಕೂತುಕೊಳ್ಳಿ. ಇದು ಯಾರೋ ಹೇಳಿ ಯಾರೋ ಕೇಳಿದ ಕತೆಯಲ್ಲ. ಕೆಂಟಕಿಯ ಈ ನಮ್ಮ ಕಣಿವೆಯಲ್ಲೇ, ನಮ್ಮಿಂದ ಮೂರನೇ ಮನೆಯ ವರ್ಲಿನ್ ಸ್ಟ್ಯಾಂಪರ್‌ಗೆ ಆಗಿದ್ದು. ಹೋದ ಮಾರ್ಚಿನ ಗಾಳಿಮಳೆಗೆ ಕಂಬಗಳು ಉರುಳಿ ಎರಡು ದಿನ ಕರೆಂಟು ಹೋಗಿತ್ತಲ್ಲ... ಆ ಗುರುವಾರ ರಾತ್ರಿ.

ಹನ್ನೆರಡು ಹೊಡೆದಿತ್ತು. ವರ್ಲಿನ್ ಗುಡ್ಡದ ನೆತ್ತಿಯಿಂದ ನಡೆದುಕೊಂಡು ಮನೆಗೆ ಬರುತ್ತಿದ್ದ. ಅರೆಬರೆ ಬೆಳದಿಂಗಳು. ಹಿಂದೆ, ಚರ್ಚಿನ ಪಕ್ಕ, ಡ್ರೀಮಾ ಸ್ಲೋನಳ ಪಿಕಪ್ಪು ನಿಂತಿತ್ತು. ಅದು ಕೈಕೊಟ್ಟಿದ್ದು ಮೂರನೇ ಸಲ, ಅದೂ ಅದೇ ಜಾಗದಲ್ಲಿ.

ವರ್ಲಿನ್‌ನ ಕೆಲಸವೇ ಅದು. ತಾನಾಗಿ ಗೇರು ಬದಲಿಸುವ ಗಾಡಿಗಳ ಗೇರ್‌ಬಾಕ್ಸ್ ಬಿಚ್ಚಿ, ಸವೆದದ್ದನ್ನು ಬಿಸಾಕಿ, ಹೊಸದು ಹಾಕಿ ಮತ್ತೆ ಕಟ್ಟುವುದು. ಇದನ್ನೂ ಬುಧವಾರ ತಾನೇ ಕಟ್ಟಿ ಕೂರಿಸಿದ್ದ. ಕಣಿವೆಯ ಡೊಂಕು ದಾರಿಯಲ್ಲಿ ಒಂದು, ಎರಡು... ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬೀಳುತ್ತಿತ್ತು. ನೆತ್ತಿಯ ನೇರ ದಾರಿಗೆ ಬಂದು ಮೂರನೆಯದು ಬೀಳಬೇಕು ಅನ್ನುವಷ್ಟರಲ್ಲಿ... ಏನೂ ಇಲ್ಲ. ಎಂಜಿನ್ನು ಒಂದೇ ಸಮನೆ ಕಿರುಚುತ್ತಿತ್ತು, ಚಕ್ರಕ್ಕೆ ಎಳೆತವೇ ಇರುತ್ತಿರಲಿಲ್ಲ.

ಆಯಿಲ್ ನೋಡಿದ. ಅಳತೆ ಸರಿ, ಬಣ್ಣ ಕೆಂಪು, ಸುಟ್ಟ ವಾಸನೆಯಿಲ್ಲ. ಒತ್ತಡ ಅಳೆದ, ಸರಿಯಿತ್ತು. ವೈರುಗಳನ್ನು ಎಳೆದೆಳೆದು ನೋಡಿದ. ಗೇರಿಗೆ ಆಯಿಲ್ ಬಿಡುವ ಸೊಲೆನಾಯ್ಡ್ ಬದಲಿಸಿದ. ಗಾಡಿಯ ಕಂಪ್ಯೂಟರನ್ನು ಕೇಳಿದರೆ ಅದು ತನಗೇನೂ ಕಾಯಿಲೆಯೇ ಇಲ್ಲ ಅಂತ ಕೂತಿತ್ತು.

ಬೆಳಗ್ಗೆ ಆರಕ್ಕೆ ಡ್ರೀಮಾ ಬರುವವಳಿದ್ದಳು. ಅವಳ ತಾಯಿ ಓಮಾಳ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಮೂರು ದಿನ ಗುಡ್ಡ ದಾಟಿ ಪೇಟೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಬುಧವಾರ ತಪ್ಪಿತ್ತು. ಮುದುಕಿಯ ಮುಖ ಊದಿಕೊಂಡು ಉಸಿರು ಸಿಕ್ಕಿಕೊಳ್ಳುತ್ತಿತ್ತು. ಗುಡ್ಡದ ಆಚೆಯ ದಾರಿ ಕೊಚ್ಚಿ ಕೆಸರಾಗಿ, ನಾಲ್ಕೂ ಚಕ್ರ ಎಳೆಯುವ ಆ ಪಿಕಪ್ಪು ಬಿಟ್ಟರೆ ಬೇರೆ ಗಾಡಿ ಇಳಿಯುವ ಹಾಗಿರಲಿಲ್ಲ. ಶುಕ್ರವಾರವೂ ತಪ್ಪಿದರೆ ಓಮಾ ಉಳಿಯುವುದಿಲ್ಲ. ಗಾಡಿ ಕೊಟ್ಟು, ಆ ಒಂಬತ್ತು ತಿರುವಿನ ಇಳಿಜಾರಿನಲ್ಲಿ ಅದು ಮತ್ತೆ ಕೈಕೊಟ್ಟರೆ ತಾಯಿ ಮಗಳು ಇಬ್ಬರೂ ಉಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಚರ್ಚಿನ ಕೆಳಗೆ ಹಳೇ ಬಾವಿಯಿದೆ, ಹಲಗೆ ಮುಚ್ಚಿದ್ದು. ಅದನ್ನು ದಾಟುವಾಗ ಕೇಳಿಸಿತು.

ಟಣ್... ಟಣ್‌ಟಣ್.

ಸಣ್ಣ ಸುತ್ತಿಗೆಯಿಂದ ಗೇರ್‌ಬಾಕ್ಸಿನ ಅಡಿಯ ಆಯಿಲ್ ತಟ್ಟೆಗೆ ಬಡಿದ ಸದ್ದು. ಮೊದಲು ಒಂದು, ಆಮೇಲೆ ಎರಡು. ಬಾವಿಯೊಳಗಿಂದಲ್ಲ. ಮೇಲೆ, ಪಿಕಪ್ಪಿನ ಅಡಿಯಿಂದ.

ಹಾಗೆ ಬಡಿಯುತ್ತಿದ್ದವನು ಈ ಸೀಮೆಗೆಲ್ಲ ಒಬ್ಬನೇ. ಹೋಬಾರ್ಟ್ ಸೈಜ್‌ಮೋರ್, ವರ್ಲಿನ್‌ಗೆ ಕೆಲಸ ಕಲಿಸಿದವನು. ಡಿಸೆಂಬರಿನಲ್ಲಿ ಸತ್ತಿದ್ದ.

ವರ್ಲಿನ್ ತಿರುಗಿ ನೋಡಲಿಲ್ಲ. ಓಡಲೂ ಇಲ್ಲ... ಓಡಿದರೆ ಹಿಂದಿನಿಂದ ಯಾರೋ ಓಡಿಬರುತ್ತಾರೆ ಅನ್ನಿಸಿತಂತೆ.

ಹೆಂಡತಿ ಆರ್ಡಿತ್ ಎದ್ದೇ ಇದ್ದಳು. ಮಗು ಮಲಗಿತ್ತು. ಪಿಸುದನಿಯಲ್ಲೇ ಮಾತು.

"ಮತ್ತೆ ನಿಂತ್ಹೋಯ್ತಾ?"

"ಹೂಂ... ಹೋಬಾರ್ಟ್ ಬಡೀತಿದ್ದ ಕಣೇ. ಗಾಡಿ ಕೆಳಗೆ."

ಅವಳು ನಗಲಿಲ್ಲ. "ಅವನ ಮಣ್ಣಿಗೂ ನೀನು ಹೋಗ್ಲಿಲ್ಲ. ಈಗ ಅವನೇ ಬಂದ. ಏನ್ ಮಾಡಿದ್ದೀಯ, ನಿಜ ಹೇಳು."

"ಹೆಸರು ಅಳಿಸಿದೆ."

ಗೇರ್‌ಬಾಕ್ಸ್ ಕಟ್ಟುವವರಲ್ಲಿ ಒಂದು ಪದ್ಧತಿಯಿದೆ. ಕಟ್ಟಿದವನು ಕವಚದ ಒಳಗೋಡೆಯ ಮೇಲೆ ಮೊಳೆಯಿಂದ ತನ್ನ ಹೆಸರು, ಇಸವಿ ಗೀರುತ್ತಾನೆ. ಮುಂದೆ ಬಿಚ್ಚುವವನು ಮಾತ್ರ ಅದನ್ನು ನೋಡಬಲ್ಲ. ನೋಡಿ, ಅದರ ಕೆಳಗೆ ತನ್ನದನ್ನು ಬರೆಯುತ್ತಾನೆ. ಮೇಲಿನದನ್ನು ಯಾರೂ ಮುಟ್ಟುವುದಿಲ್ಲ. ಈ ಪೆಟ್ಟಿಗೆಯಲ್ಲಿ ಹೋಬಾರ್ಟನ ಹೆಸರಿತ್ತು. ಅದನ್ನು ಕಂಡದ್ದೇ ವರ್ಲಿನ್‌ಗೆ ಹಳೆಯದೆಲ್ಲ ಕೆದಕಿದ ಹಾಗಾಯಿತು. "ವರ್ಲಿನ್‌ದು ಕೈ ಚುರುಕು, ಕಣ್ಣು ಕುರುಡು" ಅಂತ ಮುದುಕ ನಾಲ್ಕು ಜನರ ಮುಂದೆ ಅಂದಿದ್ದ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಆ ಸಿಟ್ಟಿನಲ್ಲಿ ಹೆಸರನ್ನು ಉಜ್ಜಿ ಹಾಕಿ, ಅದೇ ಜಾಗದಲ್ಲಿ ತನ್ನದನ್ನು ದಪ್ಪಗೆ ಗೀರಿದ್ದ.

"ಹೋಗಿ ಅವನ ಹೆಸರು ತಿರುಗಿ ಬರಿ," ಅಂದಳು ಆರ್ಡಿತ್.

"ಪೂರ್ತಿ ಇಳಿಸ್ಬೇಕು. ಆರಕ್ಕೆ ಅವಳು ಬರ್ತಾಳೆ."

"ಕೈ ಚುರುಕಲ್ವಾ ನಿಂದು? ನಡಿ."

ಆರ್ಡಿತ್ ಟ್ರ್ಯಾಕ್ಟರ್ ತಂದಳು. ಪಿಕಪ್ಪಿಗೆ ಸರಪಳಿ ಕಟ್ಟಿ, ವರ್ಲಿನ್ ಅದರೊಳಗೆ ಕೂತ. ಎಂಜಿನ್ನು ಆಫ್ ಆಗಿತ್ತು. ಕೆಳಕ್ಕೆ ಹೊರಟರು. ಮೊದಲ ತಿರುವಿನಲ್ಲೇ, ಅವನ ಪಾದದ ನೇರ ಕೆಳಗೆ...

ಟಣ್... ಟಣ್‌ಟಣ್.

ಬ್ರೇಕಿನ ಮೇಲಿನ ಕಾಲು ತೆಗೆಯುವಂತಿಲ್ಲ, ಇಡಲು ಧೈರ್ಯವಿಲ್ಲ. ಮನೆ ಪಕ್ಕದ ಅವನ ಶೆಡ್ಡಿನವರೆಗೂ ಪ್ರತಿ ತಿರುವಿಗೂ ಬಡಿಯಿತು. ಶೆಡ್ಡಿನೊಳಗೆ ಬಂದದ್ದೇ ನಿಂತಿತು.

ಮನೆಯಲ್ಲಿದ್ದದ್ದು ಒಂದೇ ದೀಪ, ಆರ್ಡಿತ್‌ಳ ಅಪ್ಪ ಕಲ್ಲಿದ್ದಲ ಗಣಿಯಲ್ಲಿ ತಲೆಗೆ ಕಟ್ಟಿಕೊಳ್ಳುತ್ತಿದ್ದದ್ದು. ಅವಳು ಅದನ್ನು ಹಿಡಿದು ನಿಂತಳು. ವರ್ಲಿನ್ ಗಾಡಿಯ ಕೆಳಗೆ ತೂರಿದ. ಬುಧವಾರ ಮೈಭಾರವೆಲ್ಲ ಹಾಕಿ ಬಿಗಿ ಮಾಡಿದ್ದ ಬೋಲ್ಟುಗಳು... ಬೆರಳಲ್ಲೇ ಬಂದವು. ಎಲ್ಲವೂ. ಒಂದೊಂದನ್ನೇ ಡಬ್ಬಿಗೆ ಹಾಕುತ್ತ ಹೋದ.

ಪೆಟ್ಟಿಗೆ ಇಳಿಸಿ, ಪಂಪು ಕಿತ್ತು, ಕ್ಲಚ್ಚುಗಳಿರುವ ಮುಂದಿನ ಡ್ರಮ್ಮನ್ನು ಎತ್ತಿ ಬೆಂಚಿನ ಮೇಲಿಟ್ಟ. ಒಳಗೋಡೆಗೆ ಕೈ ಹಾಕಿ ಮೊಳೆಯಿಂದ ಗೀರತೊಡಗಿದ. ಕರ್... ಕರ್... ಹೋಬಾರ್ಟ್ ಸೈಜ್‌ಮೋರ್. ಇಸವಿಯನ್ನೂ ಹಾಕಿದ. ಆಗ ಬೆಳಕು ಅವನ ಕೈ ಬಿಟ್ಟು ಸರಿಯಿತು.

"ಇತ್ತ ಹಿಡಿಯೇ."

ಬೆಳಕು ಬರಲಿಲ್ಲ. ಬೆಂಚಿನ ಮೇಲಿನ ಡ್ರಮ್ಮಿನ ಮೇಲೆ ಹೋಗಿ ನಿಂತಿತ್ತು. ಅಲುಗದೆ ನಿಂತಿತ್ತು. ವರ್ಲಿನ್ ನೋಡಿದ. ಮೂರನೇ ಗೇರಿನ ಕ್ಲಚ್ಚನ್ನು ಹಿಡಿದಿಡುವ ಉಕ್ಕಿನ ಬಳೆ ತನ್ನ ಕೊರಕಲಿನಲ್ಲಿ ಕೂತಿರಲಿಲ್ಲ. ಅರ್ಧ ಒಳಗೆ, ಅರ್ಧ ಹೊರಗೆ. ತಾನೇ ಅವಸರದಲ್ಲಿ ಕೂರಿಸಿದ್ದು. ಮೂರನೇ ಗೇರು ಒಂದೇ ಒಂದು ಸಲ ಜೋರಾಗಿ ಹಿಡಿದಿದ್ದರೂ ಬಳೆ ಹಾರಿ ಒಳಗೆ ಸಿಕ್ಕಿಕೊಳ್ಳುತ್ತಿತ್ತು. ಇಳಿಜಾರಿನಲ್ಲಿ ಚಕ್ರ ಕಚ್ಚಿ ನಿಲ್ಲುತ್ತಿತ್ತು. ಓಮಾ, ಡ್ರೀಮಾ, ಗಾಡಿ... ಮೂರೂ ಕಮರಿಯಲ್ಲಿ.

ಹಾಗಾದರೆ ಗೇರನ್ನು ತಡೆದದ್ದು ಯಾವುದು? ಕ್ಲಚ್ಚಿನ ಬಿಲ್ಲೆಗಳನ್ನು ಎತ್ತಿ ನೋಡಿದ. ಒಂದು ಗೀರಿಲ್ಲ, ಒಂದು ಸಲವೂ ಹಿಡಿದ ಗುರುತಿಲ್ಲ. ಆಯಿಲ್ ಹೋಗುವ ತೂತಿಗೆ ಕಂಪ್ರೆಸರಿನ ಸಿಲಿಂಡರಿನಲ್ಲಿ ಉಳಿದಿದ್ದ ಗಾಳಿ ಊದಿದ. ಸುಸ್... ಥಪ್. ಕ್ಲಚ್ಚು ಒತ್ತುವ ಪಿಸ್ಟನ್ನು ಎದ್ದಿತು. ದಾರಿ ತೆರೆದೇ ಇತ್ತು. ತಡೆಯುವಂಥದ್ದು ಏನೂ ಇರಲಿಲ್ಲ.

ಮತ್ತೆ ತಲೆ ಎತ್ತಲಿಲ್ಲ. ಬಳೆ ಒತ್ತಿದ, ಟಿಕ್ ಅಂತ ಕೂತಿತು. ಹಲ್ಲು ಕಚ್ಚಿ ಕಟ್ಟತೊಡಗಿದ. ಅವನ ಕೈ ಹೋಗುವ ಮೊದಲೇ ಬೆಳಕು ಅಲ್ಲಿ ಇರುತ್ತಿತ್ತು. ಒಂದು ಸಲ "ಸ್ವಲ್ಪ ಕೆಳಗೆ" ಅಂದ. ಕೆಳಗೆ ಬಂತು. ಹೆಸರಿನ ವಿಷಯಕ್ಕೆ ಆರ್ಡಿತ್‌ಗೆ ಸಿಟ್ಟು, ಅದಕ್ಕೇ ಮಾತಾಡುತ್ತಿಲ್ಲ ಅಂದುಕೊಂಡ.

ಆರಕ್ಕೆ ಡ್ರೀಮಾ ತಾಯಿಯನ್ನು ಕಂಬಳಿಯಲ್ಲಿ ಸುತ್ತಿ ಹೆಚ್ಚುಕಡಿಮೆ ಹೊತ್ತುಕೊಂಡೇ ಬಂದಳು. "ಆಯ್ತಾ ಅಣ್ಣಾ? ರಾತ್ರಿಯೆಲ್ಲ ಉಸಿರಿಗೆ ಒದ್ದಾಡಿದ್ಲು."

"ಹತ್ತು ನಿಮಿಷ. ನಾನೇ ಓಡಿಸ್ತೀನಿ."

ನೆತ್ತಿಗೆ ಬಂದರು. ಚರ್ಚು ಬಂತು. ಟಕ್. ಮೂರನೆಯದು ಬಿತ್ತು. ಒಂಬತ್ತೂ ತಿರುವು ಇಳಿದರು. ಓಮಾ ಈಗಲೂ ಇದ್ದಾಳೆ, ಮೊನ್ನೆ ತಾನೇ ನಮಗೆ ಸೇಬಿನ ಪೈ ಕಳಿಸಿದ್ದಳು.

ಸಂಜೆ ಮನೆಗೆ ಬಂದ ವರ್ಲಿನ್ ಹೆಂಡತಿಗೆ ಅಂದ, "ದೀಪ ಹಿಡಿದೂ ಹಿಡಿದೂ ಕೈ ಬಿದ್ದುಹೋಗಿರ್ಬೇಕು ನಿಂಗೆ."

ಆರ್ಡಿತ್ ಪಾತ್ರೆ ತೊಳೆಯುತ್ತಿದ್ದವಳು ನಿಲ್ಲಿಸಿದಳು. "ಮಗು ಅಳ್ತಿದೆ ಅಂತ ಎರಡು ಗಂಟೆಗೇ ಒಳಗೆ ಹೋದ್ನಲ್ಲ. ಹೇಳೇ ಹೋದೆ, ನೀನು ಹೂಂ ಅಂದೆ."

"ದೀಪ?"

"ತಗೊಂಡೇ ಹೋದೆ. ನಿನ್ಹತ್ರ ಇನ್ನೊಂದಿತ್ತಲ್ಲ... ಕಿಟಕೀಲಿ ಬೆಳಕು ಕಾಣ್ತಿತ್ತು."

ಅವನ ಶೆಡ್ಡಿನಲ್ಲಿ ಇನ್ನೊಂದು ದೀಪ ಇಲ್ಲ. ನಾನೇ ಹೋಗಿ ಹುಡುಕಿ ನೋಡಿದ್ದೇನೆ. ನೀವು ನಂಬಿ, ಬಿಡಿ. ಆ ರಾತ್ರಿ ಮೂರೂವರೆಗೆ ನೀರು ಕುಡಿಯಲು ಎದ್ದಾಗ, ಆ ಬೆಳಕನ್ನು ನಮ್ಮ ಅಡುಗೆಮನೆಯಿಂದ ನಾನೂ ಕಂಡಿದ್ದೇನೆ.