ತಲೆಬರಹದಲ್ಲಿ ಹಿಡಿಯದ ಗಾಜಿನ ತಟ್ಟೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಕುದುರೆ ನನ್ನನ್ನು ಕೆಡವಲಿ. ನಾರಿನ್ ಬಸ್ ನಿಲ್ದಾಣದ ಸಾಲಿನಲ್ಲಿ ನನ್ನ ಮುಂದೆ ವಿಶ್ವವಿದ್ಯಾಲಯದ ಸಂಶೋಧಕಿ ಬುರುಲ್ಚಾ ಮತ್ತು ಅದೇ ವಿಶ್ವವಿದ್ಯಾಲಯದ ಪ್ರಚಾರಾಧಿಕಾರಿ ತಾಲಾಯ್ ನಿಂತಿದ್ದರು. ಬುರುಲ್ಚಾಳ ಕೈಯಲ್ಲಿ ಅಂದಿನ ಪತ್ರಿಕೆ: ‘ಕುದುರೆ ಹಾಲಿನ ಕುಮಿಸ್ ಕುಡಿದರೆ ಕ್ಷಯ ಮಾಯ!’

“ಪ್ರಯೋಗಾಲಯದ ಗಾಜಿನ ತಟ್ಟೇಲಿ ಕ್ಷಯದ ಕ್ರಿಮಿ ಸತ್ವು ಅಂತ ಬರ್ಕೊಟ್ಟಿದ್ದೆ. ಆ ತಟ್ಟೆ ಎಲ್ಲಿ ಹೋಯ್ತು?”

“ತಲೆಬರಹದಲ್ಲಿ ಹಿಡೀಲಿಲ್ಲ ಅಕ್ಕ. ನಿಮ್ ಫೋಟೋ ನೋಡಿ, ಎಷ್ಟು ದೊಡ್ಡದಾಗಿ ಬಂದಿದೆ!”

“ನನ್ ಮೂಗು ಕತ್ತರಿಸಿ ಜಾಗ ಮಾಡ್ಬೇಕಿತ್ತು. ನಮ್ಮತ್ತೆ ಕ್ಷಯದ ಮಾತ್ರೆನೆಲ್ಲ ಒಲೆಗೆ ಹಾಕಿ ಕುಮಿಸ್ ಹಿಡ್ಕೊಂಡು ಕೂತಿದ್ದಾರೆ.”

“ತಿದ್ದುಪಡಿ ಹಾಕಿಸ್ತೀನಿ, ಕೊನೇ ಪುಟದಲ್ಲಿ…”

“ಮೊದಲ್ನೇ ಪುಟದಲ್ಲಿ. ಇಷ್ಟೇ ದೊಡ್ಡ ಅಕ್ಷರದಲ್ಲಿ. ಸಂಪಾದಕರ ಎದುರು ನಾನೇ ಕೂತು ಬರೆಸ್ತೀನಿ.”

“ಅವರು ಆಫೀಸಲ್ಲಿಲ್ಲ ಅಕ್ಕ. ಅವರಿಗೂ ಕ್ಷಯ. ಸುದ್ದಿ ಓದಿ, ಮಾತ್ರೆ ಬಿಟ್ಟು, ಕುಮಿಸ್ ಕುಡಿಯೋಕೆ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗಿದ್ದಾರೆ. ವಾಪಸ್ ಬರೋದು…”

ಬುರುಲ್ಚಾ ಆಗಲೇ ಬೆಟ್ಟದ ಬಸ್ಸು ಹತ್ತಿದ್ದಳು.