ಹಳೆಯ ಬಲೆ, ಸೊನ್ನೆ ಡಾಲರ್

ಅಧ್ಯಕ್ಷರಾದ ಕ್ಲಾರೆನ್ಸ್ ಟೋಬಿನ್ ಅವರೇ, ನಮ್ಮೂರಿನ ಮೇಯರಮ್ಮನವರೇ, ರಾಜಧಾನಿ ಸೇಂಟ್ ಜಾನ್ಸ್‌ನಿಂದ ನಾಲ್ಕು ಗಂಟೆ ಕಾರಿನಲ್ಲಿ ಕೂತು ಬಂದ ಅತಿಥಿಗಳೇ, ಚಹಾ ಆರಿಹೋಗುತ್ತದೆಂದು ಹಿಂದಕ್ಕೆ ತಿರುಗಿ ನೋಡುತ್ತಿರುವ ಸಭಿಕರೇ,

ಈ ಉಪ್ಪಿನುಗ್ರಾಣ ಕಲಾಕೇಂದ್ರಕ್ಕೆ ಎಂಟು ವರ್ಷ ಸಂಬಳವಿಲ್ಲದ ಖಜಾಂಚಿಯಾಗಿದ್ದೆನೆಂದು ನನ್ನನ್ನು ಸನ್ಮಾನಿಸಲು ಕರೆದಿದ್ದೀರಿ. ಸನ್ಮಾನವಾದ ಮೇಲೆ ಇನ್ನೂ ಮೂರು ವರ್ಷಕ್ಕೆ ನನ್ನನ್ನೇ ಆರಿಸುವಿರಂತೆ. ಆ ಮೇಜಿನ ಮೇಲಿನ ಪೊಟ್ಟಣವನ್ನು ದಯವಿಟ್ಟು ಈಗಲೇ ಬಿಚ್ಚಬೇಡಿ. ಹೇಳಬೇಕಾದ್ದನ್ನು ಕಾಗದದಲ್ಲಿ ಬರೆದುಕೊಂಡು ಬಂದಿದ್ದೇನೆ, ಮೊದಲು ಓದಿಬಿಡುತ್ತೇನೆ.

ನಾನು ಆರನೇ ತರಗತಿ ದಾಟಿದವಳಲ್ಲ. ಆಮೇಲೆ ಮೀನು ಒಣಗಿಸಲು ಹಚ್ಚಿದರು. ಇಂಥವಳು ಖಜಾಂಚಿಯಾದದ್ದು ಹೇಗೆ? ಈ ಕ್ಲಾರೆನ್ಸ್ ಮನೆಗೆ ಬಂದು, "ಫಿಲೊಮಿನಾ ಅಕ್ಕ, ಕಲಾವಿದರ ಕೈಗೆ ದುಡ್ಡು ಕೊಟ್ರೆ ಎಲ್ಲಾ ಬಣ್ಣಕ್ಕೇ ಹೋಗತ್ತೆ. ನೀವು ಚರ್ಚಿನ ಊಟದಲ್ಲಿ ಒಂದು ಆಲೂಗಡ್ಡೆ ಲೆಕ್ಕ ತಪ್ಪಿಸ್ದೋರಲ್ಲ" ಎಂದ. ಹೊಗಳಿಕೆ ಯಾರಿಗೆ ಬೇಡ? ಒಪ್ಪಿಕೊಂಡೆ.

ಆದರೆ ಈ ಎಂಟು ವರ್ಷದಲ್ಲಿ ಒಂದು ಪ್ರದರ್ಶನವನ್ನೂ ನಾನು ಒಳಗೆ ಹೋಗಿ ನೋಡಲಿಲ್ಲ. ಹೆದರಿಕೆ. "ಹೇಗನ್ನಿಸ್ತು?" ಎಂದು ಯಾರಾದರೂ ಕೇಳಿಬಿಟ್ಟರೆ? ಕಚೇರಿಯ ಬಾಗಿಲಿನಿಂದ ಇಣುಕಿ, ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ.

ಮೂರನೆಯ ಸಾಲಿನಲ್ಲಿ ಕೂತಿದ್ದಾಳಲ್ಲ, ನೋರೀನ್ ಹಾನ್, ಅವಳು ಎರಡು ವರ್ಷ ದುಡಿದು ಮಾಡಿದ ಬಲೆಯೊಂದನ್ನು ಕಳೆದ ಅಕ್ಟೋಬರಿನಲ್ಲಿ ಇಲ್ಲಿ ತೂಗುಹಾಕಿದಳು. ಕಟ್ಟಡದೊಳಗೆ ಏನೇನಿದೆ, ಯಾವುದಕ್ಕೆ ಎಷ್ಟು ಬೆಲೆ ಎಂದು ವಿಮೆಯವರಿಗೆ ಪಟ್ಟಿ ಕಳಿಸುವುದು ಖಜಾಂಚಿಯ ಕೆಲಸ. ಅವಳ ಚೀಟಿಯಲ್ಲಿ ಇಪ್ಪತ್ತೆರಡು ಸಾವಿರ ಡಾಲರ್ ಎಂದಿತ್ತು. ಬಾಗಿಲಿನಿಂದ ಇಣುಕಿದೆ. ತೊಲೆಯಿಂದ ಬಲೆ ಜೋತಾಡುತ್ತಿತ್ತು. ನಗು ಬಂತು. ನಮ್ಮ ಶೆಡ್ಡಿನಲ್ಲಿ ಅಂಥವು ಆರು ಬಿದ್ದಿವೆ, ಇಲಿ ಮರಿ ಹಾಕಿದೆ. ಇಷ್ಟು ದೊಡ್ಡ ಸುಳ್ಳಿಗೆ ನನ್ನ ಸಹಿಯೇ? ಅವಳ ಬೆಲೆಯನ್ನು ಹೊಡೆದುಹಾಕಿ "ಹಳೆಯ ಬಲೆ, ಸೊನ್ನೆ ಡಾಲರ್" ಎಂದು ಬರೆದೆ. ವಿಮೆಯ ಕಂತಿನಲ್ಲಿ ಅರವತ್ತು ಡಾಲರ್ ಉಳಿಯಿತು. ಕ್ರಿಸ್‌ಮಸ್ ಸಭೆಯಲ್ಲಿ ಅದಕ್ಕೆ ಚಪ್ಪಾಳೆ ತಟ್ಟಿದಿರಿ. ನೋರೀನ್, ನೀನೂ ತಟ್ಟಿದೆ.

ಫೆಬ್ರವರಿಯಲ್ಲಿ ಮಾಡಿನ ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆಯಿತು. ಬಕೆಟ್ಟು ಹಿಡಿದು ಅವತ್ತೇ ಮೊದಲ ಸಲ ಒಳಗೆ ಹೋದೆ. ಬಲೆ ನೆಲದ ಮೇಲೆ ಗಂಜಿಯಾಗಿತ್ತು. ನೂಲಿನದಲ್ಲ, ಕಾಗದದ್ದು! ಕಡಲಲ್ಲಿ ಮೀನು ತೀರಿತೆಂದು ಮೀನು ಹಿಡಿಯುವುದನ್ನೇ ನಿಷೇಧಿಸಿದಾಗ ಸರ್ಕಾರ ಮನೆಮನೆಗೆ ಕಳಿಸಿತ್ತಲ್ಲ, ಆ ಪತ್ರಗಳನ್ನೇ ಹುಡುಗಿ ಹೊಸೆದು ಬಲೆಯ ಒಂದೊಂದೇ ಕಣ್ಣು ಹೆಣೆದಿದ್ದಳು. ಒಂದು ಮೂಲೆ ಮಾತ್ರ ಒಣಗಿ ಉಳಿದಿತ್ತು. ಗಂಟು ನೋಡಿದೆ. ಎರಡು ಸುತ್ತು, ಎಡಕ್ಕೆ ಎಳೆದದ್ದು. ಬಲಗೈ ಹೆಬ್ಬೆರಳು ಕಳೆದುಕೊಂಡ ಒಬ್ಬರೇ ಒಬ್ಬರು ಈ ಊರಿನಲ್ಲಿ ಹಾಗೆ ಗಂಟು ಹಾಕುತ್ತಿದ್ದರು. ನನ್ನ ಯಜಮಾನರು, ಲಿಯಾಂಡರ್.

ಅವರ ಕೊನೆಯ ಚಳಿಗಾಲದಲ್ಲಿ ಹೇಳುತ್ತಿದ್ದರು, "ಹಾನ್ ಮನೆ ಹುಡುಗಿ ದಿನಾ ಬರ್ತಾಳೆ ಕಣೇ, ಗಂಟು ಕಲೀತಾಳೆ. ನೀನೂ ಒಂದಿನ ಕೂತ್ಕೊಂಡು ನೋಡು." ನಾನು, "ನಂಗೆ ವರ್ಷದ ಲೆಕ್ಕ ಮುಗಿಸ್ಬೇಕು, ನೀವಿಬ್ರೂ ಆಡ್ಕೊಳ್ಳಿ" ಎಂದು ಕೋಟು ಏರಿಸಿಕೊಂಡು ಇಲ್ಲಿಗೆ ಬರುತ್ತಿದ್ದೆ. ಇಲ್ಲಿ ಅಷ್ಟೇನೂ ಲೆಕ್ಕವಿರಲಿಲ್ಲ. ಮನೆಯಲ್ಲಿ ಅವರ ಕೆಮ್ಮು ಇತ್ತು.

ಇದನ್ನು ನಾನು ಕಾಗದದಲ್ಲಿ ಬರೆದುಕೊಂಡಿರಲಿಲ್ಲ. ಇರಲಿ.

ಸೊನ್ನೆ ಬೆಲೆಯ ವಸ್ತುವಿಗೆ ವಿಮೆಯವರು ಏನು ಕೊಟ್ಟಾರು? "ವಿಮೆಯವರು ನಿರಾಕರಿಸಿದ್ದಾರೆ" ಎಂದಷ್ಟೇ ನಮ್ಮ ಆಡಳಿತ ಮಂಡಳಿ ನೋರೀನ್‌ಗೆ ಬರೆಯಿತು. ಯಾಕೆಂದು ಬರೆಯಲಿಲ್ಲ. ಮಂಡಳಿಯವರ ತಪ್ಪಿಗೆಂದು ಬೇರೆಯೇ ವಿಮೆ ಇದೆ, ತಪ್ಪು ಯಾರದೆಂದು ಸಭೆಯ ನಡಾವಳಿಯಲ್ಲಿ ದಾಖಲಾದರೆ ಅದರಿಂದ ನೋರೀನ್‌ಗೆ ಹಣ ಸಿಗಬಹುದು ಎಂದು ನಮ್ಮ ವಕೀಲರು ಹೇಳಿದರು. ಕ್ಲಾರೆನ್ಸ್ ನನ್ನನ್ನು ಮೂಲೆಗೆ ಕರೆದು, "ಸುಮ್ನಿರಿ ಅಕ್ಕ. ಹೆಸರು ಕೆಟ್ರೆ ಅನುದಾನ ಬರಲ್ಲ. ಸನ್ಮಾನ ಮುಗೀಲಿ" ಎಂದ. ತಲೆ ತಗ್ಗಿಸಬೇಡ ಕ್ಲಾರೆನ್ಸ್, ಮೂರು ತಿಂಗಳು ನಾನೂ ಸುಮ್ಮನಿದ್ದೆನಲ್ಲ. ಅಂಗಡಿಯಲ್ಲಿ ಈ ಹುಡುಗಿ ಕಂಡರೆ ಹಿಟ್ಟಿನ ಚೀಲಗಳ ಹಿಂದೆ ಅವಿತುಕೊಂಡೆ. ಎಪ್ಪತ್ತೆಂಟರ ಮುದುಕಿ!

ನಿನ್ನೆ ತಪ್ಪಿಸಿಕೊಳ್ಳಲಾಗಲಿಲ್ಲ. ತೋಳು ಹಿಡಿದುಕೊಂಡು ಹೇಳಿದಳು, "ಅಜ್ಜಿ, ನಾಳೆ ನಿಮ್ಗೆ ಕೊಡೋ ಪೊಟ್ಟಣ ನಂದು. ಒಣಗಿದ ಮೂಲೇನ ಚೌಕಟ್ಟು ಹಾಕ್ಸಿದೀನಿ. ಅಜ್ಜನ ಗಂಟು ನಿಮ್ ಹತ್ರಾನೇ ಇರ್ಲಿ." ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕಾರ್ಯದರ್ಶಿಗಳೇ, ಪೆನ್ನು ಎತ್ತಿಕೊಳ್ಳಿ. ನೋರೀನ್ ಹಾನ್ ಮಾಡಿದ ಇಪ್ಪತ್ತೆರಡು ಸಾವಿರ ಡಾಲರಿನ ಬಲೆಗೆ ಸೊನ್ನೆ ಬರೆದವಳು ಖಜಾಂಚಿ ಫಿಲೊಮಿನಾ ಕೀಪಿಂಗ್. ನೋಡದೆ ಬರೆದಳು. "ನೋಡದೆ" ಎಂಬುದನ್ನು ಬಿಡಬೇಡಿ. ಬರೆದಾಯಿತೇ? ಸಹಿ ಹಾಕಿಯೇ ಮನೆಗೆ ಹೋಗುತ್ತೇನೆ. ನನ್ನ ಹೆಸರಿಗೆ ಇವತ್ತು ಯಾರೂ ಕೈ ಎತ್ತಬೇಡಿ.

ನೋರೀನ್, ಪೊಟ್ಟಣ ನಿನ್ನದು, ಕೊಡುವುದೂ ಬಿಡುವುದೂ ನಿನ್ನಿಷ್ಟ. ನೀನು ಅದನ್ನು ಎಲ್ಲಿ ತೂಗುಹಾಕಿದರೂ ಈ ಸಲ ನಾನು ಬಾಗಿಲಲ್ಲಿ ನಿಲ್ಲುವುದಿಲ್ಲ, ಒಳಗೆ ಬಂದು ನೋಡುತ್ತೇನೆ.

ಇಷ್ಟು ಹೊತ್ತು ಕೆಮ್ಮದೆ ಕೇಳಿದ್ದಕ್ಕೆ, ದ್ರಾಕ್ಷಿ ಬನ್ನು ಮಾಡಿಕೊಟ್ಟ ಹೆಂಗಸರಿಗೆ, ಎಲ್ಲರಿಗೂ ಧನ್ಯವಾದ. ನಮಸ್ಕಾರ.